ರಾಕೆಟ್ಟು ಕೊನೆಯ ಸೀಟಿನಲ್ಲಿ ಕೂತದ್ದು

ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ರಾಕೆಟ್ಟು ಎಂದು. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿ, ಒಂದು ದಿನವೂ ಲೇಟಾಗದೆ, ಒಂದು ಸೈಕಲ್ಲಿಗೂ ತಾಗಿಸದೆ ಬಂದ ಮನುಷ್ಯ. ಈ ಮಾತನ್ನು ಅವನೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ಅವನಿಗೆಲ್ಲಿ?

ಅಂಥವನನ್ನು ನಿವೃತ್ತಿಗೆ ಮೂರೇ ವರ್ಷ ಇರುವಾಗ ಹತ್ತು ದಿನದ ತರಬೇತಿಗೆ ಕಳಿಸಿದರು. ಅವನು ಬ್ರೇಕ್ ಹಾಕಿದ ರಭಸಕ್ಕೆ ಬಸ್ಸಿನೊಳಗೆ ವಯಸ್ಸಾದ ಹೆಂಗಸೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅವರು ಕಂಬಿ ಹಿಡಿದುಕೊಂಡಿರಲಿಲ್ಲ ಎಂದು ಅವನು ಡಿಪೋಗೆ ಬರೆದುಕೊಟ್ಟಿದ್ದ. ವಿಚಾರಣೆ ಇನ್ನೂ ನಡೆಯುತ್ತಿತ್ತು. ತರಬೇತಿಯಲ್ಲಿ ಪಾಸಾಗಿ, ವಿಚಾರಣೆಯೂ ಸಲೀಸಾಗಿ ಮುಗಿದರೆ ಸ್ಟಿಯರಿಂಗ್ ಮತ್ತೆ ಕೈಗೆ ಬರುತ್ತದೆ. ಇಲ್ಲವಾದರೆ ಉಳಿದ ಮೂರು ವರ್ಷ ಡಿಪೋ ಗೇಟಿನಲ್ಲಿ ಕೂತು ಬೇರೆಯವರ ಬಸ್ಸಿನ ನಂಬರು ಬರೆದುಕೊಳ್ಳಬೇಕು.

ಕಲಿಸುವವಳು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು; ಎಲ್ಲರ ಬಾಯಲ್ಲೂ ಮೇಡಂ. ಅಜ್ಜಿಗೆ ಮೊಮ್ಮಗಳು ಕೆಮ್ಮಲು ಕಲಿಸಿದಂತಾಯಿತು ಎಂದು ಅವನು ಜೊತೆಗೆ ಬಂದಿದ್ದ ಮೀಸೆ ಡ್ರೈವರನ ಕಿವಿಯಲ್ಲಿ ಗೊಣಗಿದ. ಐದು ದಿನ ಮೇಡಂ ಪಕ್ಕದಲ್ಲಿ ನಿಂತು ಅವನು ಓಡಿಸುವುದನ್ನು ನೋಡಿದಳೇ ಹೊರತು ಒಳ್ಳೆಯದು ಕೆಟ್ಟದ್ದು ಏನೂ ಹೇಳಲಿಲ್ಲ. ಹೇಳಲು ಏನಿದೆ ಪಾಪ ಎಂದು ಇವನು ಒಳಗೊಳಗೇ ಬೀಗಿದ.

ಆರನೆಯ ದಿನ ಊಟವಾದ ಮೇಲೆ ಮೇಡಂ ಅವನನ್ನು ಕೊನೆಯ ಸೀಟಿಗೆ ಕಳಿಸಿ ತಾನೇ ಸ್ಟಿಯರಿಂಗ್ ಹಿಡಿದಳು. ಸ್ಟಾಪು ಕಣ್ಣಿಗೆ ಬಿದ್ದ ಮೇಲೂ ವೇಗ, ಹತ್ತಿರ ಬಂದಾಗ ಒಮ್ಮೆಲೇ ಬ್ರೇಕ್, ಪೂರ್ತಿ ನಿಲ್ಲುವ ಮೊದಲೇ ಮುಂದಕ್ಕೆ ಒಂದು ಎಗರು. ಮೂರನೆಯ ಸ್ಟಾಪಿನಲ್ಲಿ ಅವನ ಹೊಟ್ಟೆ ತೊಳಸತೊಡಗಿತು. ನಾಲ್ಕನೆಯದರಲ್ಲಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡ. ಐದನೆಯದರಲ್ಲಿ ಕೂಗಿ ನಿಲ್ಲಿಸಿ, ಇಳಿದು, ಕಾಂಪೌಂಡ್ ಗೋಡೆಯ ಪಕ್ಕ ಉಂಡದ್ದನ್ನೆಲ್ಲ ಕಕ್ಕಿದ.

ಮೇಡಂ ನೀರಿನ ಬಾಟಲಿ ಕೊಟ್ಟು, "ನಾನು ನಿಮ್ಮ ಥರಾನೇ ಓಡಿಸಿದೆ ಸರ್," ಎಂದಳು.

ಬ್ರೇಕ್ ಯಾವಾಗ ಬೀಳುತ್ತದೆಂದು ಡ್ರೈವರನ ಮೈಗೆ ಮೊದಲೇ ಗೊತ್ತಿರುತ್ತದೆ, ಹಿಡಿದುಕೊಳ್ಳಲು ಸ್ಟಿಯರಿಂಗೂ ಇರುತ್ತದೆ. ಹಿಂದೆ ಇರುವವರಿಗೆ ಯಾರೂ ಹೇಳಿರುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಅವನಿಗೆ ಇಪ್ಪತ್ತೊಂಬತ್ತು ವರ್ಷ ಮತ್ತು ಒಂದು ಊಟ ಬೇಕಾಯಿತು.

ಅಲ್ಲಿಂದ ಅವನ ಬಾಯಿ ಬಂದ್ ಆಯಿತು, ಕಾಲು ಕಲಿಯತೊಡಗಿತು. ಒಂಬತ್ತನೆಯ ದಿನ ಪರೀಕ್ಷೆ. ಮೇಡಂ ಏನನ್ನೂ ಹಿಡಿಯದೆ ಬಸ್ಸಿನ ನಡುವೆ ನಿಲ್ಲುತ್ತಾಳೆ. ಅವಳ ಕಾಲು ಕದಲಿದರೆ ಫೇಲು. ಹನ್ನೊಂದು ಸ್ಟಾಪು ದಾಟಿದರೂ ಅವಳ ಚಪ್ಪಲಿ ಇಟ್ಟ ಜಾಗದಲ್ಲೇ ಇತ್ತು. ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಉಳಿದದ್ದು ಒಂದು ಹಾಳೆ. ಈ ತರಬೇತಿಯಲ್ಲಿ ಏನು ಕಲಿತೆ ಎಂದು ಬರೆದು ಮರುದಿನ ಕೊಡಬೇಕು, ಅದು ನೇರ ಡಿಪೋಗೆ ಹೋಗುತ್ತದೆ. ನಾಲ್ಕು ನಿಯಮ ಬರೆದು ಸಹಿ ಹಾಕು, ತಪ್ಪು ಗಿಪ್ಪು ಅಂತ ಬಾಯಿ ಬಿಟ್ಟರೆ ವಿಚಾರಣೆಯಲ್ಲಿ ನೀನೇ ಸಿಕ್ಕಿಬೀಳುತ್ತೀಯ ಎಂದು ಮೀಸೆ ಡ್ರೈವರ ಬುದ್ಧಿ ಹೇಳಿದ.

ಸಂಜೆ ಅವನು ಹಾಳೆ ಹರಡಿಕೊಂಡು ಕೂತ. ಎದುರಿಗೆ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳು ಎರಡು ಸಲ ಅವನ ಬಸ್ಸು ಹತ್ತಿದ್ದಳು, ಎರಡು ಸಲವೂ ವಾಂತಿ ಮಾಡಿಕೊಂಡಿದ್ದಳು, ಮೂರನೆಯ ಸಲ ಹತ್ತಿರಲಿಲ್ಲ. ಡ್ರೈವರನ ಹೆಂಡತಿಗೆ ಬಸ್ಸೇ ಆಗುವುದಿಲ್ಲ ಎಂದು ಅವನು ಇಪ್ಪತ್ತಾರು ವರ್ಷ ನೆಂಟರ ಮುಂದೆಲ್ಲ ನಗೆಯಾಡಿದ್ದ. ಅವಳೂ ನಗುತ್ತಿದ್ದಳು.

"ನಿನಗೆ ಬೇರೆಯವರ ಬಸ್ಸಲ್ಲೂ ಹಾಗೇ ಆಗುತ್ತಾ?" ಎಂದು ಕೇಳಿದ.

"ಇಲ್ಲ," ಎಂದಳು ಅವಳು. "ಅಕ್ಕನ ಮನೆಗೆ ಬಸ್ಸಲ್ಲೇ ಅಲ್ವಾ ಹೋಗೋದು. ಏನೂ ಆಗಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿಟ್ಟಳು. "ನಿಮಗೆ ಇರೋ ಹೆಮ್ಮೆ ಅದೊಂದೇ. ನಿಮ್ಮ ಡ್ರೈವಿಂಗ್ ಸರಿಯಿಲ್ಲ ಅನ್ನೋ ಬದಲು, ನನ್ನ ಹೊಟ್ಟೆನೇ ಸರಿಯಿಲ್ಲ ಅಂತ ಇರ್ಲಿ ಬಿಡು ಅಂದ್ಕೊಂಡೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಹೆಂಡತಿಯ ಹೊಟ್ಟೆ ಡೊಂಕು ಎಂದಿದ್ದ. ಅವನಿಗೆ ತುಂಬ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ. ಆ ನಾಚಿಕೆಯ ಹಿಂದೆಯೇ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಇನ್ನೊಂದು ವಿಷಯ ಎದ್ದು ಬಂತು. ಅವತ್ತು ಬ್ರೇಕ್ ತುಳಿಯುವ ಮುಂಚೆ ಅವನು ಕನ್ನಡಿಯಲ್ಲಿ ಆ ವಯಸ್ಸಾದ ಹೆಂಗಸನ್ನು ನೋಡಿದ್ದ. ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದರು. ನೋಡಿಯೂ ಹಿಡಿದಿರಲಿಲ್ಲ ಎಂದು ಬರೆದುಕೊಟ್ಟಿದ್ದ.

ಒಂದು ಗಂಟೆ ಕೂತು ಅವನು ಬರೆದದ್ದು ಮೂರೇ ಸಾಲು. ಬೆಳಿಗ್ಗೆ ಕೊಟ್ಟಾಗ ಮೇಡಂ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಜಿನ ಖಾನೆಯಿಂದ ಖಾಲಿ ಹಾಳೆಯೊಂದನ್ನು ತೆಗೆದು ಅವನ ಮುಂದಿಟ್ಟಳು.

"ಇದು ಡಿಪೋಗೆ ಹೋಗುತ್ತೆ ಸರ್. ಬೇಕಿದ್ರೆ ಬೇರೆ ಬರೆದುಕೊಡಿ, ನಾನು ಕಾಯ್ತೀನಿ."

ಕಿಟಕಿಯಾಚೆ ಬಸ್ಸು ನಿಂತಿತ್ತು. ಅದರ ಸ್ಟಿಯರಿಂಗ್ ಮೇಲೆ ಅವನಿಗೆ ಎಷ್ಟು ಆಸೆಯಿತ್ತೋ ಅವನಿಗೇ ಗೊತ್ತು.

"ಬೇಡ ಮೇಡಂ," ಎಂದ. "ಅವರು ಗಟ್ಟಿಯಾಗೇ ಹಿಡ್ಕೊಂಡಿದ್ರು."