ತ್ರಾಸಿಯ ನೆಟ್‌ವರ್ಕ್ ಕಾರ್ಡು

ತ್ರಾಸಿಯ ಮೀನು ವ್ಯಾಪಾರಿ ಸುಶೀಲಕ್ಕನ ಕಂಪ್ಯೂಟರ್ ಕೆಟ್ಟು ಕೂತಿತ್ತು. ರಿಪೇರಿಗೆ ಹೋದ ನಾನು ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದೆ. ಅರ್ಧಕ್ಕೆ ಬಂದದ್ದೇ, ಇಂಟರ್ನೆಟ್ ಕೊಡದೆ ಮುಂದೆ ಹೋಗುವುದಿಲ್ಲ ಎಂದು ಅದು ಹಠ ಹಿಡಿಯಿತು. ಕೇಬಲ್ ಬದಲಿಸಿದೆ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಹಾಕಿದೆ, ಸೆಟ್ಟಿಂಗನ್ನೆಲ್ಲ ತಿರುವಿ ಹಾಕಿದೆ. ಕಾರ್ಡಿನ ದೀಪ ಮಾತ್ರ ಹತ್ತಲಿಲ್ಲ. ಹೊರಗೆ ಮೀನಿನ ಲಾರಿ ಬಿಲ್ಲಿಗೆ ಕಾಯುತ್ತಿತ್ತು, ಐಸು ಕರಗಿ ರಸ್ತೆಗೆ ಹರಿಯುತ್ತಿತ್ತು.

“ಎಂತ ಮರ್ರೆ, ಇನ್ನೂ ಆಯ್ಲಿಲ್ಯಾ?” ಎಂದರು ಸುಶೀಲಕ್ಕ.

“ಕಾರ್ಡೇ ಹೋಯ್ತ್ ಅಕ್ಕ,” ಎಂದು ಗತ್ತಿನಿಂದ ಹೇಳಿ, ಅದನ್ನು ಬಿಚ್ಚಲು ಬಗ್ಗಿದೆ. ಕೇಬಲ್ ಸಿಕ್ಕಿಸುವ ತೂತಿನಿಂದ ತೆಂಗಿನೆಣ್ಣೆಯ ವಾಸನೆ ಬಂತು. ಒಳಗೆ ಎಣ್ಣೆಗೆ ಧೂಳು ಸೇರಿ ಅಂಟು ಕಟ್ಟಿತ್ತು.

“ಮೊನ್ನೆ ನಾನೇ ಎಣ್ಣೆ ಬಿಟ್ಟದ್,” ಎಂದರು ಸುಶೀಲಕ್ಕ. “ ಉಪ್ಪಿನ ಗಾಳಿ ಅಲ್ದಾ, ತುಕ್ಕ್ ಹಿಡಿತ್ತ್. ಬೀಗಕ್ಕೂ ಅದೇ ಬಿಡೂದ್.”

“ಇದ್ ಬೀಗ ಅಲ್ಲ ಅಕ್ಕ,” ಎಂದು ಶುರುಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ ಮುಗಿಸುವವರೆಗೂ ಭಾಷಣ ಬಿಗಿದೆ. ದೀಪ ಹತ್ತಿತು. ಉಳಿದ ಕೆಲಸ ಮುಗಿದು, ಬಿಲ್ಲು ಬಂದು, ಲಾರಿ ಹೊರಟಿತು.

ನಾನೂ ಹೊರಟೆ. ಸ್ಕೂಟರಿನ ಕೀ ತಿರುಗಲೇ ಇಲ್ಲ, ತುಕ್ಕು. ಸುಶೀಲಕ್ಕ ಅದೇ ತೆಂಗಿನೆಣ್ಣೆ ಬಾಟಲಿ ತಂದು ಎರಡು ಹನಿ ಬಿಟ್ಟರು. ಕೀ ತಿರುಗಿತು.

ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ.