ಹಡಗಿನ ಜೊತೆ ಯಾರು ಹೋಗುತ್ತಾರೆ?

ವಿಜಾಪುರದ ಕಾಲೇಜಿನಲ್ಲಿ ಚರ್ಚಾಕೂಟದ ಸೊಕ್ಕು ನನ್ನ ತಲೆಗೇರಿದ್ದ ದಿನಗಳವು. ದೇವರಿರಲಿ, ದೆವ್ವವಿರಲಿ, 'ಪುರಾವೆ ಎಲ್ಲಿ?' ಎನ್ನುತ್ತಿದ್ದೆ. ರಜೆಗೆ ಕನ್ನೊಳ್ಳಿಗೆ ಹೊರಟವನು ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಪೇಪರು ಕೊಂಡೆ. ಅದರಲ್ಲಿ ಅಣ್ಣನ ಹಡಗಿನ ಸುದ್ದಿ! ಅಣ್ಣ ಯುದ್ಧನೌಕೆಯೊಂದರ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಮುಪ್ಪಾದ ಆ ಹಡಗನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವ ಮಸೂದೆ ಸಂಸತ್ತಿನ ಮುಂದೆ ಬಂದಿತ್ತು.

ಅವ್ವನಿಗೆ ಗತ್ತಿನಿಂದಲೇ ಓದಿ ಹೇಳಿದೆ: ಹಡಗನ್ನು ಅದರೊಳಗಿನ ಸಮಸ್ತ ಸಮೇತ, ಇದ್ದ ಸ್ಥಿತಿಯಲ್ಲೇ ಒಪ್ಪಿಸತಕ್ಕದ್ದು.

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. "ಸಮಸ್ತ ಅಂದ್ರ ಮಂದೀನೂ ಬಂತಲ್ಲೋ?"

"ಮಂದಿ ಸಾಮಾನೇನಬೇ? ಅಣ್ಣನ್ನ ಗಾಜಿನ ಪೆಟಿಗ್ಯಾಗ ಕುಂದರಸ್ತಾರಂತಿ ಏನು?"

"ನಗಬ್ಯಾಡ. ನಮ್ಮಪ್ಪ ಆಲಮೇಲದ ಕಡೆ ಜೀತಕ್ಕಿದ್ದ. ಧಣಿ ಹೊಲಾ ಮಾರಿದಾಗ ಎತ್ತು, ಬಾವಿ, ಗಿಡದ ಜೋಡಿ ನಮ್ಮಪ್ಪನ್ನೂ ಕೊಟ್ಟ. ಕಾಗದದಾಗ ಅವನ ಹೆಸರ ಇದ್ದಿಲ್ಲ. ಮರುದಿನ ಎದ್ದು ಬ್ಯಾರೆ ಧಣಿ ದನದ ಕೊಟ್ಟಿಗ್ಯಾಗ ಸಗಣಿ ಬಳದ, ಅಷ್ಟ."

"ಈಗ ಸಂವಿಧಾನ ಐತಿ."

"ಹಂಗಾರ ತೋರಸು. ಆಳುಮಂದಿ ಬಿಟ್ಟು ಅಂತ ಎಲ್ಲಿ ಬರದಾರ?"

ಮತ್ತೆ ಓದಿದೆ. ತೋಪು, ಲಂಗರು, ಯಂತ್ರ, ಗಂಟೆ ಎಲ್ಲ ಇದ್ದವು. ಮನುಷ್ಯರ ಮಾತೇ ಇರಲಿಲ್ಲ. ಕಾಯ್ದೆ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ ಎಂದು ನಾನೇ ಎಷ್ಟು ಸಲ ವಾದಿಸಿಲ್ಲ! ಆದರೂ ಇನ್ನೊಮ್ಮೆ ಮೊದಲಿನಿಂದ ಓದಿದೆ. ನಾಗರಪಂಚಮಿಗೆ ಬರುತ್ತೇನೆಂದಿದ್ದ ಅಣ್ಣ ಬಂದಿರಲಿಲ್ಲ, ಸುದ್ದಿಯೂ ಇರಲಿಲ್ಲ.

ಅಂದಿನಿಂದ ಅವ್ವ ಅರ್ಧ ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ. ಸಿಂದಗಿಯ ಬಸ್ಸಿನ ಸದ್ದಾದರೆ ಸಾಕು, ರಸ್ತೆಗೆ ಓಡುತ್ತಿದ್ದಳು. ನಾನು ಸಿಂದಗಿಗೆ ಹೋಗಿ ವಕೀಲರೊಬ್ಬರನ್ನು ಕೇಳಿದೆ. "ಹುಚ್ಚಪ್ಪಾ, ಹೋಗು ಮನಿಗೆ" ಎಂದು ಅವರು ನಕ್ಕರು. ಥೇಟ್ ನನ್ನ ನಗುವೇ. ಅದಕ್ಕೇ ಧೈರ್ಯ ಬರಲಿಲ್ಲ.

ಕೊನೆಗೊಂದು ದಿನ ಅಣ್ಣ ತಗಡಿನ ಪೆಟ್ಟಿಗೆ ಹೊತ್ತು ಬಂದಿಳಿದ. ಅವ್ವ ಅವನ ಗಲ್ಲ, ತೋಳು ಎಲ್ಲ ಮುಟ್ಟಿ ನೋಡಿದಳು. "ಬಿಟ್ರೇನೋ ನಿನ್ನ?"

"ಬಿಡೂದೇನಬೇ? ಮಸೂದೆ ಪಾಸಾತು, ಹಡಗ ಹೋತು. ನನ್ನ ಬ್ಯಾರೆ ಹಡಗಿಗೆ ಹಾಕ್ಯಾರ."

"ನಿನ್ನ ಕೇಳಿದ್ರೇನು?"

ಅಣ್ಣ ನಕ್ಕ. "ದಂಡಿನ್ಯಾಗ ಯಾರ ಕೇಳ್ತಾರ?"

"ಒಲ್ಲೆ ಅಂದ್ರ?"

"ಬರಕೊಟ್ಟ ವರ್ಷ ಮುಗಿಯೂ ತನಕ ಒಲ್ಲೆ ಅನ್ನಾಕ ಬರಂಗಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನೀ ಹೇಳೋ ವಾದದಾಂವ. ನಮ್ಮಪ್ಪಗೂ ಇವಗೂ ಏನ್ ಫರಕ?"

ಹೇಳಿದೆ. ಪಗಾರ, ರಜೆ, ಪಿಂಚಣಿ, ತಾನೇ ಮನಸ್ಸಿನಿಂದ ಹಾಕಿದ ಸಹಿ. ಎಲ್ಲ ಖರೆಯೇ. ಅವಳು ಕೊನೆಯವರೆಗೂ ಕೇಳಿದಳು, ತಲೆಯಾಡಿಸಲಿಲ್ಲ.

ಅಣ್ಣನ ರಜೆ ಮುಗಿದ ಬೆಳಿಗ್ಗೆ ಅವ್ವ ಆ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಿದ್ದಳು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಣ್ಣ ಅವಳ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿ, ಪೆಟ್ಟಿಗೆಯ ಒಂದು ಹಿಡಿಕೆಗೆ ಕೈಹಾಕಿ, "ಆ ಕಡೆ ಹಿಡಿಯೋ" ಎಂದ. ಅವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಮುಂದೆ ಹೋಗಲಿಲ್ಲ.