ತಡಕ್ಕೆ ಕಾರಣ

ಗೆಳೆಯರೇ, ಇವತ್ತು ಭದ್ರಾವತಿಯ ಗೆಳತಿ ಸವಿತಾಳ ಜೊತೆ ದುರ್ಗಿಗುಡಿಯ ವಕೀಲರೊಬ್ಬರ ಬಳಿ ಹೋಗಿದ್ದೆ. ಹೆರಿಗೆ ರಜೆಯಲ್ಲಿದ್ದಾಳೆಂದು ಅವಳ ಸರ್ಕಾರಿ ಕಚೇರಿಯವರು ಬಡ್ತಿಯನ್ನು ಅವಳಿಗಿಂತ ಕಿರಿಯನೊಬ್ಬನಿಗೆ ಕೊಟ್ಟಿದ್ದರು.

"ಆದೇಶ ಬಂದಿದ್ದು ಯಾವತ್ತಮ್ಮ?" ಎಂದರು ವಕೀಲರು.

"ಹುಟ್ಟಿದ ಹನ್ನೆರಡನೇ ದಿನ, ಮಗೂನ ತೊಟ್ಟಿಲಿಗೆ ಹಾಕಿದಾಗ ಸಾರ್. ಇವನಿಗೀಗ ವರ್ಷ ತುಂಬಿ ಎರಡು ತಿಂಗಳಾಯ್ತು."

"ಸರ್ಕಾರಿ ನೌಕರರ ಟ್ರಿಬ್ಯುನಲ್ಲಿಗೆ ಒಂದು ವರ್ಷದೊಳಗೆ ಹೋಗ್ಬೇಕಿತ್ತಲ್ಲಮ್ಮ. ತಡ ಆಗಿದ್ದಕ್ಕೆ ಗಟ್ಟಿ ಕಾರಣ ಬೇಕು. ಏನಂತ ಬರೀಲಿ?"

ಸವಿತಾ ತನ್ನ ಮಡಿಲು ತೋರಿಸಿದಳು. "ನಿಮ್ಮ ಪೆನ್ನು ಚೀಪ್ತಾ ಇದಾನಲ್ಲ ಸಾರ್, ಇವನೇ."

ವಕೀಲರು ಇನ್ನೊಂದು ಪೆನ್ನು ತೆಗೆದು ಬರೆಯತೊಡಗಿದರು.

ಬಡ್ತಿ ತಪ್ಪಿದ್ದೂ ಇವನಿಂದಲೇ ಎನ್ನುತ್ತದೆ ಕಚೇರಿ. ಈಗ ಕೇಸು ಉಳಿಸುವ ಕೆಲಸವೂ ಇವನ ತಲೆಗೇ ಬಿತ್ತು. ಇನ್ನೂ ನೆಟ್ಟಗೆ ನಡೆಯಲೂ ಬಾರದು, ಪಾಪ.